ರೇಣುಕಾಳ ದೋಣಿ ಹೊರಳಿದ ಬಗ್ಗೆ

ರೇಣುಕಾ, ನಿನ್ನ ದೋಣಿ ತಾನಾಗಿ ಹೊರಳಲಿಲ್ಲ. ಹೊರಳುವಂತೆ ಮಾಡಿದವನು ನಾನು — ನಿನ್ನ ಅಪ್ಪನ ತಮ್ಮ, ಹಲವಾಗಲು ಊರಿನ ಹೊಳೆ ದಡದಲ್ಲಿ ಐವತ್ತು ವರ್ಷ ಹರಿಗೋಲು ಹೆಣೆದ ಮೈಲಾರಪ್ಪ.

ಓದಿದ ಕೂಡಲೇ ನೀನು ನಗುತ್ತೀಯ, ಗೊತ್ತು. ಕಾಕಾನ ಇನ್ನೊಂದು ಆಟ ಅಂದುಕೊಳ್ಳುತ್ತೀಯ. ಬೀಗರ ದಿಬ್ಬಣವನ್ನು ನಡು ಹೊಳೆಯಲ್ಲಿ ಬುಗುರಿಯ ಹಾಗೆ ತಿರುಗಿಸಿ, ಮದುಮಗ ಮಾವನ ಮೀಸೆ ಹಿಡಿದುಕೊಳ್ಳುವಂತೆ ಮಾಡಿದವನು ನಾನೇ ತಾನೆ? ಅದಕ್ಕೆ ತಪ್ಪಾಯಿತು ಎಂದಿಲ್ಲ, ಅನ್ನುವುದೂ ಇಲ್ಲ. ಅಂಥವು ಊರಿಗೆಲ್ಲ ಮಾಡಿದ್ದೇನೆ. ಇದು ಅಂಥದ್ದಲ್ಲ — ಇದು ನಿನಗೊಬ್ಬಳಿಗೇ ಮಾಡಿದ್ದು.

ಎಂಟು ವರ್ಷದ ಹಿಂದೆ ನೀನು ದಾವಣಗೆರೆಯ ಫೈಬರ್ ಶೆಡ್ಡಿನ ಕೆಲಸ ಬಿಟ್ಟು ಬಂದೆ. ಅಂಗಳದಲ್ಲೇ ತೆಳು ಪ್ಲೈವುಡ್ ಕೊಯ್ದು, ತಂತಿಯಲ್ಲಿ ಹೊಲಿದು, ಮೇಲೆ ಫೈಬರ್ ಬಟ್ಟೆ ಅಂಟಿಸಿ ಆ ದೋಣಿ ಮಾಡಿದೆ. ಹದಿನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲ. ಮೀನುಗಾರರ ಸಂಘದವರು ನೋಡಲು ಬರುವವರಿದ್ದರು. ಒಪ್ಪಿದರೆ ಅಂಥವೇ ಹತ್ತು ದೋಣಿ ನಿನ್ನ ಕೈಯಲ್ಲಿ ಮಾಡಿಸುವ ಮಾತಿತ್ತು. ನಾನು ದಡದಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದೆ, 'ನಮ್ಮ ರೇಣುಕಾ ಬದನಿಕಾಯಿ ಸೀಳಿ ತಂದಾಳ ನೋಡ್ರಿ, ಎಣ್ಣಿಗಾಯಿ ಮಾಡಾಕ.'

ಅವರು ಬರುವ ಹಿಂದಿನ ದಿನ ನೀನು ಕೊಟ್ಟೂರಿಗೆ ಹೋಗಿದ್ದೆ. ಮಧ್ಯಾಹ್ನ ದಡದಲ್ಲಿ ಯಾರೂ ಇರಲಿಲ್ಲ. ನಾನು ನಿನ್ನ ದೋಣಿಯನ್ನು ನೀರಿಗೆ ತಳ್ಳಿದೆ.

ಎರಡು ಸಲ ಬಿದ್ದೆ — ನಾನು, ಈ ಹೊಳೆಯಲ್ಲಿ! ಮೂರನೇ ಸಲ ಯೋಚಿಸಿದೆ. ಕೂರುವ ಹಲಗೆಯನ್ನು ನೀನು ಒಂದು ಗೇಣು ಎತ್ತರಕ್ಕೆ ಕೂಡಿಸಿದ್ದೆ. ಹರಿಗೋಲಿನಲ್ಲಿ ಬೆಳೆದವರು ಮಾಡುವ ತಪ್ಪು ಅದು. ನಾವು ಅಂಚಿಗೆ ಬಂದು ಎತ್ತರಕ್ಕೆ ಕೂತು, ಮೈ ಹೊರಗೆ ಚಾಚಿ ನೀರನ್ನು ನಮ್ಮ ಕಡೆಗೆ ಎಳೆಯುತ್ತೇವೆ. ಹರಿಗೋಲು ಅಗಲ, ತಾಳಿಕೊಳ್ಳುತ್ತದೆ. ಇದು ಸಪೂರ — ಮೇಲೆ ಭಾರ ಬಿದ್ದರೆ ಮಗುಚುತ್ತದೆ. ಹಲಗೆ ಕಿತ್ತು ತಳಕ್ಕೇ ಕೂತೆ. ಕಾಲು ಚಾಚಿ, ಸೊಂಟ ಅಲುಗಿಸದೆ ಹುಟ್ಟು ಹಾಕಿದೆ.

ಏನು ಹೇಳಲಿ... ಹರಿಗೋಲಿನ ತಳಕ್ಕೆ ನಾವು ಚೀಲ ಹೊದಿಸಿ ಡಾಂಬರು ಬಳಿಯುತ್ತೇವೆ. ಅದು ನೀರನ್ನು ಕಚ್ಚಿಕೊಂಡೇ ಹೋಗುತ್ತದೆ, ಅರ್ಧ ಶಕ್ತಿ ಅದು ತಿರುಗದಂತೆ ಹಿಡಿಯುವುದಕ್ಕೇ ಬೇಕು. ನಿನ್ನ ದೋಣಿಯ ಮೈ ನುಣುಪು. ಒಮ್ಮೆ ಎಳೆದರೆ ತಾನೇ ಜಾರುತ್ತ ಹೋಗುತ್ತಿತ್ತು, ನೇರಕ್ಕೆ. ನನ್ನ ಹರಿಗೋಲಾಗಿದ್ದರೆ ನಡು ಹೊಳೆ ಮುಟ್ಟುವಷ್ಟು ಹೊತ್ತಿನಲ್ಲಿ ಆಚೆ ದಡ ಮುಟ್ಟಿ ವಾಪಸು ಬಂದಿದ್ದೆ. ಒಬ್ಬನೇ ಕೂಗು ಹಾಕಿದೆ, ಹುಡುಗನ ಹಾಗೆ.

ಆಮೇಲೆ ಹಲಗೆಯನ್ನು ಮೊದಲಿನಂತೆಯೇ ಕೂಡಿಸಿ, ಒದ್ದೆ ಒರೆಸಿ, ಮನೆಗೆ ಹೋಗಿ ಉಂಡೆ.

ಮರುದಿನ ಸಂಘದವರ ಎದುರೇ ನೀನು ನನ್ನನ್ನು ಕೇಳಿದೆ. 'ಕಾಕಾ, ಯಾಕೋ ಅಳ್ಳಾಡತೈತಿ. ಹಲಗಿ ಇರ್ಲೋ, ಕೆಳಗ ಇಳಸ್ಲೋ?'

'ಇರ್ಲಿ ಬಿಡವ್ವ. ಎತ್ತರಕ್ಕ ಕುಂತ್ರ ಹೊಳಿ ಕಾಣತೈತಿ. ಹರಗೋಲಿನಂಗ ಮೈ ಹೊರಗ ಚಾಚಿ ಎಳಿ.'

ನೀನು ನಂಬಿದೆ. ಮೂರನೇ ಎಳೆತಕ್ಕೆ ದೋಣಿ ಮಗುಚಿತು. ಈಜಿ ದಡಕ್ಕೆ ಬಂದವಳಿಗೆ ನಾನು ಕೈ ಚಾಚಲಿಲ್ಲ, ನಾಲಿಗೆ ಚಾಚಿದೆ: 'ಏನವ್ವ, ಮೀನಿನ ಕೂಡ ಸಂಸಾರದ ಕಷ್ಟಸುಖ ಮಾತಾಡಿ ಬಂದೇನು?' ದಡವೆಲ್ಲ ನಕ್ಕಿತು. ಸಂಘದವರು ನಗುತ್ತಲೇ ಎದ್ದು ಹೋದರು, ಆ ವರ್ಷದ ಹರಿಗೋಲುಗಳನ್ನೂ ನನ್ನ ಬಳಿಯೇ ಮಾಡಿಸಿದರು.

ಯಾಕೆ ಮಾಡಿದೆ ಎಂದು ಬರೆಯಬಲ್ಲೆ. ಬರೆದರೆ ನೆಪವಾಗುತ್ತದೆ. ಬೇಡ.

ಅಂದಿನಿಂದ ನೀನು ಹೊಳೆಗೆ ಇಳಿದಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಹರಪನಹಳ್ಳಿಯ ಖಾನಾವಳಿಗೆ ಹೋಗಿ ರೊಟ್ಟಿ ಬಡಿಯುತ್ತೀಯ. ದೋಣಿ ನಿನ್ನ ಎಮ್ಮೆಗಳಿಗೆ ಮೇವು ಹಾಕುವ ಗ್ವಾದ್ಲಿಯಾಯಿತು. ಮೊನ್ನೆ ನೀನು ಅದನ್ನು ನನ್ನ ಅಂಗಳಕ್ಕೆ ತಂದಿಟ್ಟು, ನಡುವೆ ಸೀಮೆಸುಣ್ಣದ ಗೆರೆ ಎಳೆದು ಹೇಳಿದೆ. 'ಕಾಕಾ, ಇದನ್ನ ಎರಡು ತುಂಡು ಮಾಡಿಕೊಡ್ರಿ. ಕರುಗಳಿಗೂ ಒಂದು ಆಕ್ಕೈತಿ.' ಸಿಟ್ಟಿಲ್ಲದೆ ಹೇಳಿದೆ. ತಪ್ಪು ನಿನ್ನ ಕೈಯದೇ ಎಂದು ಎಂಟು ವರ್ಷದಿಂದ ನಂಬಿದವಳ ಹಾಗೆ.

ನಾನು ಕೊಯ್ಯಲಿಲ್ಲ. ನೆಟ್ಟಗೆ ಚಹಾದಂಗಡಿಗೆ ಹೋಗಿ ಸಂಘದವರಿಗೆಲ್ಲ ನಡೆದದ್ದನ್ನು ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. 'ಮೈಲಾರಣ್ಣ ಮತ್ತ ಶುರು ಹಚ್ಚಿದ ನೋಡ್ರಲೇ' ಎಂದರು. ಜೀವಮಾನದಲ್ಲಿ ಒಂದು ನಿಜ ಹೇಳಿದೆ, ಒಬ್ಬನೂ ನಂಬಲಿಲ್ಲ. ನಗಲಿ. ತಪ್ಪು ಅವರದಲ್ಲ, ಅವರನ್ನು ನಗಿಸಿ ನಗಿಸಿ ಹಾಳು ಮಾಡಿದವನು ನಾನು.

ಇವತ್ತು ಬೆಳಿಗ್ಗೆ, ನೀನು ಬಸ್ಸು ಹತ್ತಿದ ಮೇಲೆ, ಅವರನ್ನೆಲ್ಲ ದಡಕ್ಕೆ ಕರೆದೆ. ದೋಣಿ ತೊಳೆದಿದ್ದೆ. ಮೊದಲು ಹಲಗೆ ಎತ್ತರಕ್ಕೆ ಕೂಡಿಸಿ, ನಿನಗೆ ಹೇಳಿದಂತೆಯೇ ಮೈ ಚಾಚಿ ಎಳೆದೆ. ದೊಪ್ಪನೆ ನೀರಿಗೆ ಬಿದ್ದೆ. ಎಪ್ಪತ್ತೊಂದರ ಮುದುಕ ನೀರು ಉಗುಳುತ್ತ ಎದ್ದದ್ದು ಕಂಡು ಶಿಳ್ಳೆ ಹೊಡೆದರು. ಹಲಗೆ ಕಿತ್ತೆ. ತಳಕ್ಕೆ ಕೂತೆ. ಹೋಗಿ ಬಂದೆ.

ಯಾರೂ ನಗಲಿಲ್ಲ. ಸಂಘದ ಅಧ್ಯಕ್ಷ ಬಹಳ ಹೊತ್ತು ದೋಣಿಯ ಮೈ ಸವರಿದ. 'ಹಂಗಾರ ಆವತ್ತು ಆ ಹುಡುಗಿ...' ಎಂದು ಅರ್ಧಕ್ಕೆ ನಿಲ್ಲಿಸಿದ. ಇನ್ನೊಬ್ಬ ನನ್ನ ಭುಜ ತಟ್ಟಿ, 'ಆತು ಬಿಡೋ, ಹಳೇದು' ಎಂದ. 'ನಿನಗ ಹಳೇದು' ಎಂದೆ. 'ಆಕಿ ಇವತ್ತೂ ಬಸ್ಸು ಹತ್ಯಾಳ.'

ಸಂಜೆ ಅವರು ನಿನ್ನ ಮನೆಗೆ ಬರುತ್ತಾರೆ. ದೋಣಿ ಮಾಡಿಕೊಡು ಎನ್ನುತ್ತಾರೆ. ಮಾಡು ಎಂದು ನಾನು ಹೇಳುವುದಿಲ್ಲ — ನನ್ನ ಸಲಹೆ ಒಮ್ಮೆ ಕೇಳಿದ್ದು ಸಾಕು. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ, ಊರು ನಿನ್ನನ್ನು ಒರಟಿ ಎಂದರೆ ಆ ಊರಿಗೆ ಉತ್ತರ ಕೊಡುವವನು ನಾನು.

ನನಗೆ ಕ್ಷಮೆ ಬೇಡ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅದಕ್ಕೇ ಕೇಳುತ್ತಿಲ್ಲ.