ಮಡಕೆಗೆ ಕೊರೆದ ತೂತು

ನನ್ನ ಮೊದಲ ಕಳ್ಳಿಯನ್ನು ಕೊಂದವಳು ನಾನೇ, ಅದೂ ಪ್ರೀತಿಯಿಂದ. ಮದುವೆಯಾಗಿ ನಜರ್‌ಬಾದಿನ ಮನೆಗೆ ಬಂದ ಎರಡನೆಯ ವರ್ಷ, ಐವತ್ತರ ದಶಕದ ಶುರು. ನಮ್ಮ ಬೀದಿಯ ಕೊನೆಯ ಬಂಗಲೆಯ ಮಾಲಿ ಕತ್ತರಿಸಿ ಬೇಲಿಯಾಚೆ ಎಸೆದಿದ್ದ ತುಂಡೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದೆ. ತುಳಸಿಗೆ ನಡೆಯುವ ಉಪಚಾರವೆಲ್ಲ ಅದಕ್ಕೂ ನಡೆಯಿತು. ಕೆಮ್ಮಣ್ಣು, ಸಗಣಿಗೊಬ್ಬರ, ಬೆಳಗಾದರೆ ಒಂದು ಚೊಂಬು ನೀರು, ಸಾಲದ್ದಕ್ಕೆ ಅಕ್ಕಿ ತೊಳೆದ ನೀರು ಬೇರೆ. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದ ಹಾಗಾಯಿತು. ಹದಿನೈದು ದಿನಕ್ಕೆ ಬುಡ ಕೊಳೆತು ಗಿಡ ಪಕ್ಕಕ್ಕೆ ಮಲಗಿತು.

ಮಾಲಿಯನ್ನು ಕೇಳಿದೆ. ಅವನು ನಕ್ಕುಬಿಟ್ಟ. "ಅದುಕ್ಕೆ ಉಪಚಾರ ಮಾಡ್ಬ್ಯಾಡಿ ಕಣಮ್ಮ. ಕುಡಿದ್ ನೀರು ಅಡೀಲಿ ಓಡೋಗ್ಬುಡ್ಬೇಕು. ನಿಂತ್ಕತು ಅಂದ್ರೆ ಸತ್ತೋಯ್ತದೆ," ಎಂದ. ಅವನು ಹೇಳಿದ್ದು ಅಷ್ಟೇ. ಉಳಿದದ್ದನ್ನೆಲ್ಲ ಕೆಡಿಸಿ ಕೆಡಿಸಿ ಕಲಿತೆ.

ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಅಲ್ಲಿಂದ ದಪ್ಪ ಮರಳು ಕೇಳಿ ತಂದೆ. ನುಣುಪು ಮರಳು ಬೇಡ, ಅದು ಒದ್ದೆಯಾದರೆ ಹಿಟ್ಟಿನಂತೆ ಕೂತುಬಿಡುತ್ತದೆ. ಎರಡು ಪಾಲು ಮರಳಿಗೆ ಒಂದು ಪಾಲು ಕೆಮ್ಮಣ್ಣು, ಒಂದು ಹಿಡಿ ಇಟ್ಟಿಗೆ ಚೂರು, ಬಚ್ಚಲೊಲೆಯ ಇದ್ದಿಲನ್ನು ಕುಟ್ಟಿದ ಪುಡಿ. ಗೊಬ್ಬರ ಹೆಸರಿಗಷ್ಟೇ, ಅದೂ ಹಳೆಯದು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲದೆ ಉದುರಬೇಕು. ಮಾಲಿಯಿಂದ ಮತ್ತೆ ಮತ್ತೆ ತುಂಡು ಕೇಳಿ ತಂದೆ. ತಗಡಿನ ಡಬ್ಬದಲ್ಲಿಟ್ಟೆ, ಬೇಸಿಗೆಯಲ್ಲಿ ಬೇರು ಬೆಂದುಹೋಯಿತು. ಬಾಯಿ ಒಡೆದ ಉಪ್ಪಿನಕಾಯಿ ಜಾಡಿಯಲ್ಲಿಟ್ಟೆ. ನೀರು ಹೊರಗೆ ಹೋಗದೆ ನಾರಿತು. ಕೊನೆಗೆ ಒಗ್ಗಿದ್ದು ಮಣ್ಣಿನ ಮಡಕೆ. ಅದರ ಮೈಯೆಲ್ಲ ಉಸಿರಾಡುತ್ತದೆ. ಆದರೆ ತಳಕ್ಕೆ ತೂತು ಬೇಕೇ ಬೇಕು.

ಆರು ಹೊಸ ಮಡಕೆಗಳನ್ನು ನೀರಲ್ಲಿ ನೆನೆಹಾಕಿ, ಮರಳಿನ ಗುಡ್ಡೆಯ ಮೇಲೆ ಬೋರಲು ಹಾಕಿ, ಮೊಳೆಯನ್ನು ಮೆಲ್ಲಗೆ ತಿರುವುತ್ತ ಹಿತ್ತಲಲ್ಲಿ ಕೂತಿದ್ದೆ. ಅತ್ತೆ ಬಂದರು. ಹಳ್ಳಿಯ ಒಕ್ಕಲು ಮನೆಯಿಂದ ಬಂದವರು, ಗಟ್ಟಿ ಜೀವ, ಇನ್ನೂ ಗಟ್ಟಿ ಗಂಟಲು.

"ಅಯ್ಯೋ, ಯಾರ್ ಸತ್ತವ್ರೆ ಅಂತ ಮಡ್ಕೆಗೆ ತೂತ್ ಕೊರೀತಿದೀಯೇ?"

ನನ್ನ ಕೈ ನಿಂತಿತು. ನಮ್ಮಲ್ಲಿ ಹೊಸ ಮಡಕೆಗೆ ತೂತು ಮಾಡುವುದು ಒಂದೇ ದಿನ. ಹೆಣದ ಸುತ್ತ ಮಗ ನೀರಿನ ಮಡಕೆ ಹೊತ್ತು ಬರುವಾಗ, ಸುತ್ತಿಗೊಂದರಂತೆ ತೂತು ಮಾಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗಿಡದ ಗುಂಗಿನಲ್ಲಿ ನೆನಪೇ ಆಗಿರಲಿಲ್ಲ. ಆದರೂ ಮೊಳೆ ಕೆಳಗಿಡಲಿಲ್ಲ. ಆ ಮನೆಯಲ್ಲಿ ಒಲೆ ಅತ್ತೆಯದು, ಬಾವಿಕಟ್ಟೆ ಅತ್ತೆಯದು, ಗಂಡನೂ ಅರ್ಧಕ್ಕಿಂತ ಹೆಚ್ಚು ಅತ್ತೆಯವರೇ. ನನ್ನದು ಅಂತ ಇದ್ದದ್ದು ಈ ಮುಳ್ಳುಗಿಡಗಳು. ಅವನ್ನೂ ಬಿಟ್ಟುಕೊಟ್ಟರೆ ನಾನು ಆ ಮನೆಯಲ್ಲಿ ಬರೀ ಒಂದು ಜೊತೆ ಕೈ.

"ಬಾಗಿಲಿಗೆ ಲೋಳೆಸರ ತಲೆಕೆಳಗಾಗಿ ನೇತುಹಾಕಿದ್ದೀರಲ್ಲ, ಅದು ದೃಷ್ಟಿ ತೆಗೆಯುತ್ತೆ. ಅದರ ನೆಂಟ ನೆಟ್ಟಗೆ ಬೆಳೆದರೆ ಅನಿಷ್ಟವೋ?" ಎಂದೆ. ಅತ್ತೆ ಸೆರಗು ಕೊಡವಿಕೊಂಡು ಒಳಗೆ ಹೋದರು. ಆರನೆಯ ಮಡಕೆಯನ್ನೂ ಕೊರೆದು ಮುಗಿಸಿ, ಗಿಡ ನೆಟ್ಟು, ಇಟ್ಟಿಗೆಗಳ ಮೇಲೆ ಸಾಲಾಗಿ ಕೂರಿಸಿದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆಷಾಢದ ಜಿಟಿಜಿಟಿ ಮಳೆ ಹಿಡಿದ ವಾರವೇ ಅತ್ತೆಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. ನೋಡಲು ಬಂದ ಹೆಂಗಸರು ಮೊದಲು ಮಂಚದ ಕಡೆ ನೋಡಿ, ಆಮೇಲೆ ಹಿತ್ತಲ ಕಡೆ ನೋಡುತ್ತಿದ್ದರು. ನನ್ನೆದುರು ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು, ತಿರುಗಿ ಅನ್ನಬಹುದಿತ್ತು. ಗಂಡ ಮಾತ್ರ ಒಮ್ಮೆ, "ಎಸೆದ್ಬುಡು ಕಣೆ, ಅಮ್ಮನ ಸಮಾಧಾನಕ್ಕೆ," ಎಂದರು. ಆಗುವುದಿಲ್ಲ ಎಂದೆ. ಭಯ ಇರಲಿಲ್ಲ ಎಂದು ಈಗ ಜಂಬ ಕೊಚ್ಚುವುದಿಲ್ಲ. ಅತ್ತೆಯ ಹಣೆ ಮುಟ್ಟಿ ನೋಡುವಾಗೆಲ್ಲ ಒಂದೇ ಯೋಚನೆ. ಏನಾದರೂ ಆದರೆ ಸಾಯುವ ತನಕ ನಾನು ಅತ್ತೆಯನ್ನು ಕೊಂದ ಸೊಸೆ.

ಎಂಟು ಹತ್ತು ದಿನ ಹಿತ್ತಲಿನ ಕಡೆ ಹೋಗಲಾಗಲಿಲ್ಲ. ಒಂದು ಬೆಳಿಗ್ಗೆ ಮಳೆ ಬಿಟ್ಟಾಗ ಹೋಗಿ ಮಡಕೆ ಎತ್ತಿದರೆ ಕಲ್ಲಿನ ಭಾರ. ಮಣ್ಣಿನ ಮೇಲೆ ನೀರು ನಿಂತಿತ್ತು. ತಳ ಮುಟ್ಟಿ ನೋಡಿದೆ: ತೂತಿಗೆ ಸಿಮೆಂಟು! ಪಕ್ಕದ ಮನೆಯವರ ಸಿಮೆಂಟನ್ನೇ ಒಂದು ಹಿಡಿ ತಂದು ಆರೂ ಮಡಕೆಗೆ ಮೆತ್ತಿದ್ದರು, ನನ್ನ ಗಂಡ. ಮೂರು ಗಿಡ ಬೆರಳಿಟ್ಟಲ್ಲಿ ಕುಸಿದವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಡಕೆಗಳನ್ನು ಒಂದೊಂದಾಗಿ ಎತ್ತಿ ತಂದು, ಅತ್ತೆ ಮಲಗಿದ್ದ ಕೋಣೆಯ ಬಾಗಿಲಲ್ಲೇ ಇಟ್ಟೆ. ಗಂಡ ಆಫೀಸಿಗೆ ಹೊರಡುತ್ತಿದ್ದರು.

"ಯಾವತ್ತು ಮುಚ್ಚಿದ್ರಿ?"

"ಹೋದ ವಾರ," ಎಂದರು, ಕೋಟಿನ ಗುಂಡಿ ನೋಡುತ್ತ.

"ತೂತು ಮುಚ್ಚಿ ವಾರ ಆಯ್ತು. ಜ್ವರ ಯಾಕೆ ಇನ್ನೂ ಬಿಟ್ಟಿಲ್ಲ?"

ಅವರು ಜಗಲಿಗೆ ಹೋಗಿ ಕೂತರು. ಮಂಚದ ಮೇಲೆ ಅತ್ತೆ ಕಣ್ಣು ತೆರೆದುಕೊಂಡೇ ಇದ್ದರು. ನಾನು ಅಲ್ಲೇ ಗೋಣಿ ಹಾಸಿ, ಕೊಳೆತದ್ದನ್ನು ಕಿತ್ತು, ಮಣ್ಣು ಸುರಿದು, ಮೊಳೆ ತಂದು ಸಿಮೆಂಟನ್ನು ಕೆರೆಯತೊಡಗಿದೆ. ಕರಕರ ಸದ್ದಿಗೆ ಅತ್ತೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಆರು ಮಡಕೆಗೂ ತೂತು ಬಿದ್ದ ಮೇಲೆ ಗಂಡನನ್ನು ಕರೆದು, "ಈಗ ಸೈಕಲ್ ತೆಗೀರಿ, ದೊಡ್ಡಾಸ್ಪತ್ರೆ ಡಾಕ್ಟರನ್ನ ಕರೆತನ್ನಿ. ದೃಷ್ಟಿ ತೆಗೆದಿದ್ದು ಸಾಕು," ಎಂದೆ. ಅಂದು ಅವರು ಆಫೀಸಿಗೆ ಹೋಗಲಿಲ್ಲ.

ಔಷಧಿ ಹಿಡಿಯಿತು. ಜ್ವರ ಇಳಿಯಲು ಮತ್ತೆ ಒಂದು ವಾರವಾಯಿತು. ಮೊದಲ ಸಲ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತ ಅತ್ತೆ ಕೇಳಿದರು.

"ನಾನೇನಾರ ಸತ್ತೋಗಿದ್ರೆ ಏನ್ ಮಾಡ್ತಿದ್ದೆ?"

"ಅಳ್ತಿದ್ದೆ ಅತ್ತೆ, ಎದೆ ಬಡ್ಕೊಂಡು ಅಳ್ತಿದ್ದೆ. ತೂತು ಮಾತ್ರ ಮುಚ್ತಿರಲಿಲ್ಲ."

ಅತ್ತೆ ಬಟ್ಟಲು ಮುಂದೆ ಚಾಚಿ, "ಇನ್ನೊಂದ್ ಸೌಟು ಬುಡು," ಎಂದರು.