ಲಾ ಎಂದರೆ ಬೇಡ

ಯಾರದಾದರೂ ವೀಸಾ ಕ್ಯಾನ್ಸಲ್ ಆಯಿತೆಂದರೆ ಒಂದು ಪದ್ಯ ಹುಟ್ಟುತ್ತಿದ್ದ ಕಾಲ ಅದು. ಅಬುಧಾಬಿಯ ಖಾಲಿದಿಯಾದಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಶುಕ್ರವಾರ ಧಾರವಾಡ, ಹುಬ್ಬಳ್ಳಿ ಕಡೆಯ ಕ್ರೈಸ್ತರು ಪ್ರಾರ್ಥನೆಗೆ ಕೂಡುತ್ತಿದ್ದರು. ಪ್ರಾರ್ಥನೆ ದೊಡ್ಡವರಿಗೆ; ನಮ್ಮ ಕಣ್ಣೆಲ್ಲ ಆಮೇಲಿನ ಮಂಡಕ್ಕಿ ಗಿರ್ಮಿಟ್ಟಿನ ಮೇಲೆ. ಹಸಿ ಈರುಳ್ಳಿಯ ವಾಸನೆಗೆ ಎದುರು ಮನೆಯ ಅರಬ್ಬರ ಧೂಪದ ಹೊಗೆ ಬಂದು ಸೇರುತ್ತಿತ್ತು.

ಊರಿಗೆ ಖಾಯಂ ಹೊರಟವರಿಗೆ ಪದ್ಯ ಕಟ್ಟುತ್ತಿದ್ದವರು ಸುಶೀಲಾ ಟೀಚರ್. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರಿಗೆ ಹಳೆಯ ಅಮೆರಿಕದ ಹುಚ್ಚು. "ಅಲ್ಲಿ ಮೊದಮೊದಲಿನ ಕಾಲೇಜಿನ್ಯಾಗ ಡಿಗ್ರಿ ಕೊಡೋ ದಿನಾನೂ ಪದ್ಯ, ಪಾದ್ರಿ ತೀರಿಕೊಂಡ್ರೂ ಪದ್ಯ. ಕೆಲವುದರಾಗ ಸಾಲಿನ ಮೊದಲ ಅಕ್ಷರ ಕೂಡಿಸಿದ್ರ ಅವರ ಹೆಸರೇ ಆಗತಿತ್ತು," ಎನ್ನುತ್ತಿದ್ದರು. ಅದನ್ನೇ ಅವರು ಕನ್ನಡಕ್ಕೆ ತಂದಿದ್ದರು. ಒಂದೊಂದು ಸಾಲಿಗೂ ಅದರ ಮೊದಲ ಅಕ್ಷರವನ್ನು ನಾವೆಲ್ಲ ಕೂಗಬೇಕು. ಹೆಸರು ಮುಗಿದರೆ ಚಪ್ಪಾಳೆ, ಆಮೇಲೆ ಕೇಕು. ಉದ್ದ ಹೆಸರಿನವರನ್ನು ಕಂಡರೆ ನಮಗೆ ಸಿಟ್ಟು!

ಆ ವರ್ಷ ಹೊರಟವರು ವಿಮಲಾ ಆಂಟಿ, ನನ್ನ ಗೆಳತಿ ಆಶಾಳ ತಾಯಿ. ನರ್ಸ್ ಆಗಿದ್ದವರು ತಾವೇ ಹಾಸಿಗೆ ಹಿಡಿದಿದ್ದರು. ಊರಿಗೆ ಹೋದರೆ ನೆಟ್ಟಗಾಗುತ್ತಾರೆ ಎಂದರು ದೊಡ್ಡವರು. ನಾನು ನಂಬಿದೆ, ಆಶಾ ನಂಬಲಿಲ್ಲ.

ಪದ್ಯ ಓದಬೇಕಾದವಳು ಅವಳೇ. ಲಿಫ್ಟಿನ ಪಕ್ಕದ ಮೆಟ್ಟಿಲ ಮೇಲೆ ಕೂತು ನಾನು ಓದಿಸುತ್ತಿದ್ದೆ. ಮೂರೇ ಸಾಲು, ಕೊನೆಯದು "ಲಾಲಿ"ಯಿಂದ ಶುರು. ಅಲ್ಲಿಗೆ ಬಂದ ಟೀಚರ್ ಮಾತಿನ ಭರದಲ್ಲಿ, "ಅಂಥಾ ಪದ್ಯದ ಕಾಗದ ಹೆಣದ ಪೆಟ್ಟಿಗಿಗೂ ಚುಚ್ಚತಿದ್ರಂತ ನೋಡ್ರಿ," ಎಂದುಬಿಟ್ಟರು.

ಅವರು ಹೋದ ಮೇಲೆ ಆಶಾ ನನ್ನ ಕೈ ಹಿಡಿದಳು. "ಹೆಸರು ಮುಗಿದ್ರ ಮಮ್ಮಿ ಸಾಯ್ತಾಳ. ನಾ ಮುಗಸೂದಿಲ್ಲ. ಪ್ರಾಮಿಸ್."

ಶಾಲೆಯ ಅರಬ್ಬೀ ಪಾಠದಲ್ಲಿ ನಮಗೆ ಚೆನ್ನಾಗಿ ಅಂಟಿದ್ದು ಒಂದೇ ಪದ: "ಲಾ", ಅಂದರೆ ಇಲ್ಲ, ಬೇಡ. ಹಾಲು ಕುಡಿ ಎಂದರೆ ಲಾ, ಮಲಗು ಎಂದರೆ ಲಾ.

ಶುಕ್ರವಾರ ಬಂತು. ಶಾಲು ಹೊದ್ದ ಆಂಟಿ ಸೋಫಾಕ್ಕೆ ಒರಗಿದ್ದರು. ಆಶಾ ಮೊದಲ ಸಾಲು ಓದಿದಳು. "ವಿ!" ಎಂದೆವು. ಎರಡನೆಯದಕ್ಕೆ "ಮ!" ಅಲ್ಲಿಗೆ ನಿಂತಳು. ಎಲ್ಲರೂ ಕಾದರು. "ಓದವಾ, ಇನ್ನೊಂದ ಸಾಲು," ಎಂದರು ಟೀಚರ್. ಆಶಾ ಕಾಗದವನ್ನು ಎದೆಗವಚಿಕೊಂಡು ಜೋರಾಗಿ ಕಿರುಚಿದಳು:

"ಲಾ!"

"ಲಾ!" ಎಂದು ಇಡೀ ಮನೆ ಕೂಗಿತು. "ವಿಮಲಾ!" ಚಪ್ಪಾಳೆಯೋ ಚಪ್ಪಾಳೆ. ರೂಢಿಯ ಕೈ, ನನ್ನದೂ ತಟ್ಟಿತ್ತು. ಹೆಸರನ್ನು ನಾವೇ ಮುಗಿಸಿಬಿಟ್ಟೆವೆಂದು ಆಶಾಳ ಮುಖ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು.

"ಆಕಿ ಬ್ಯಾಡ ಅಂದಾಳ್ರೀ," ಎಂದರು ಆಂಟಿ, ಮಗಳನ್ನು ಶಾಲಿನೊಳಗೆ ಎಳೆದುಕೊಂಡು. ಕೇಕು ಕತ್ತರಿಸುವ ಗಲಾಟೆಯಲ್ಲಿ ಯಾರಿಗೂ ಅದು ಕೇಳಿಸಲಿಲ್ಲ.

ಕ್ರಿಸ್ಮಸ್ಸಿಗೆ ಮುಂಚೆ ಊರಿಂದ ಸುದ್ದಿ ಬಂತು. ಟೀಚರ್ ಮತ್ತೆ ಪದ್ಯ ಕಟ್ಟಲಿಲ್ಲ.

ಆ ಗುಂಪಿನಲ್ಲಿ ಈಗ ಇಲ್ಲಿ ಉಳಿದವಳು ನಾನೊಬ್ಬಳೇ. ಹೊರಡುವವರಿಗೆ ಫೋನಿನಲ್ಲಿ ಒಂದು ಹೂವಿನ ಚಿತ್ರ ಕಳಿಸಿದರೆ ಖಲಾಸ್. ಅವರ ಹೆಸರನ್ನು ಬಾಯಿತುಂಬ ಕೂಗುವವರಿಲ್ಲ. ಆಶಾ ಎಲ್ಲಿದ್ದಾಳೋ ತಿಳಿಯದು. ಆದರೂ ಒಮ್ಮೊಮ್ಮೆ ಲಿಫ್ಟಿನಲ್ಲಿ ಯಾವುದೋ ಮಗು ತಾಯಿಯ ಅಬಾಯಾದ ಅಂಚು ಜಗ್ಗಿ "ಲಾ! ಲಾ!" ಎಂದು ಹಠ ಹಿಡಿಯುತ್ತದೆ. ಮಗು ಬೇಡ ಅನ್ನುತ್ತಿದೆ, ಸ್ವಲ್ಪ ಕೇಳಿಸಿಕೊಳ್ಳಿ, ಎಂದು ಕೂಗಬೇಕೆನಿಸುತ್ತದೆ.