ಬೆಳಗಿನ ಮೊದಲ ಚಹಾ ಎಲ್ಲಿ ಕುಡಿಯುತ್ತೀ?

ಬೆಳಿಗ್ಗೆ ಐದೂ ಮುಕ್ಕಾಲು. ಕಲ್ಯಾಣ್ ಸ್ಟೇಷನ್ನಿನ ಹೊರಗಿನ ಒಂದು ಚಹಾ ಗಾಡಿಯ ಪಕ್ಕ ರತ್ನಾವತಿ ನಿಂತಿದ್ದಾರೆ. ಹೀಗೆ ನಿಲ್ಲುತ್ತಿರುವುದು ಇದು ಮೂರನೇ ದಿನ. ಕಾಯುತ್ತಿರುವುದು ಮಾನಮ್ಮನನ್ನು. ಕಳ್ಳತನದ ಕೇಸಿನಲ್ಲಿ ಏಳು ತಿಂಗಳು ಜೈಲಿನಲ್ಲಿದ್ದ ಮಾನಮ್ಮ ಜಾಮೀನಿನ ಮೇಲೆ ಹೊರಬಂದು ಎಂಟು ದಿನವಾಯಿತು. ಬರುವಾಗ ಕೈಗೆ ಸಿಕ್ಕಿದ್ದು ಹತ್ತು ದಿನಕ್ಕಾಗುವಷ್ಟು ಎಚ್‌ಐವಿ ಮಾತ್ರೆ. ರತ್ನಾವತಿಯವರ ಅಂದಾಜಿನಲ್ಲಿ ಇನ್ನು ಎರಡು ಉಳಿದಿರಬೇಕು.

ಐವತ್ತೆರಡರ ರತ್ನಾವತಿ ಒಂದು ಸಣ್ಣ ಸಂಸ್ಥೆಯ ಕಾರ್ಯಕರ್ತೆ. ಊರು ಕಾಪು ಕಡೆ, ಮನೆ ಇಲ್ಲಿಗೆ ಹತ್ತಿರದ ದಿವಾದಲ್ಲಿ. ಹೋಟೆಲಿನ ಕೌಂಟರಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ವಾರಕ್ಕೆರಡು ಸಲ ಜೈಲಿಗೆ ಹೋಗಿ ಸೋಂಕಿರುವ ಹೆಂಗಸರೊಡನೆ ಮಾತಾಡುತ್ತಾರೆ; ಬಿಡುಗಡೆಯಾದವರನ್ನು ಆಸ್ಪತ್ರೆಗೆ ಮುಟ್ಟಿಸುತ್ತಾರೆ.

“ಒಳಗೆ ಇರುವಾಗ ಮಾತ್ರೆ ಸರಿಯಾಗಿ ಆಗ್ತದೆ. ತಪ್ಪುವುದು ಹೊರಗೆ ಬಂದ ಮೇಲೆಯೇ. ಮನೆ ಇಲ್ಲ, ಕೆಲಸ ಇಲ್ಲ, ಮಾತ್ರೆ ಯಾರಿಗೆ ನೆನಪಿರ್ತದೆ?” ಎನ್ನುತ್ತಾರೆ.

ಮೊದಲ ವರ್ಷ ಅವರು ವಿಳಾಸ ಹುಡುಕಿಕೊಂಡು ಒಬ್ಬಳ ಮನೆ ಬಾಗಿಲು ತಟ್ಟಿದ್ದರು. “ಕೊರಳಲ್ಲಿ ಎಚ್‌ಐವಿ ಸಂಸ್ಥೆಯ ಕಾರ್ಡ್ ನೇತಾಡ್ತಾ ಇತ್ತು. ಅವಳ ಅತ್ತೆ ಓದಿದ್ರು. ಸಂಜೆಯೊಳಗೆ ಅವಳು ಬೀದಿಯಲ್ಲಿ. ಮತ್ತೆ ಸಿಗಲೇ ಇಲ್ಲ. ತಪ್ಪು ನನ್ನದೇ.” ಆಮೇಲೆ ಅವರು ಯಾರ ವಿಳಾಸವನ್ನೂ ಕೇಳಿಲ್ಲ. ಬೆಳಗಿನ ಮೊದಲ ಚಹಾ ಎಲ್ಲಿ ಕುಡಿಯುತ್ತೀ ಎಂದಷ್ಟೇ ಕೇಳುತ್ತಾರೆ. “ವಿಳಾಸ ಸುಳ್ಳು ಹೇಳ್ತಾರೆ, ಹೇಳಲಿ. ಚಹಾಕ್ಕೆ ಯಾರು ಸುಳ್ಳು ಹೇಳ್ತಾರೆ?”

ಆರೂ ಹತ್ತಕ್ಕೆ ಮಾನಮ್ಮ ಬರುತ್ತಾಳೆ. ಕಟ್ಟಡದ ಕೆಲಸಕ್ಕೆ ಹೊರಟವಳು.

“ಯಕ್ಕಾ, ಇಲ್ಲಿಗೂ ಬಂದಿ? ಪೊಲೀಸರಿಗಿಂತ ಜಾಸ್ತಿ ಬೆನ್ನ ಹತ್ತೀಯಲ್ಲ!”

“ಪೊಲೀಸರು ಚಹಾ ಕುಡಿಸ್ತಾರಾ ಮಾರಾಯ್ತಿ? ಮಾತ್ರೆ ಎಷ್ಟು ಉಂಟು?”

“ಒಂದೂ ಇಲ್ಲ. ಡಬ್ಬಿ ಗಲಗಲ ಅಂತೈತಿ. ಖೋಲ್ಯಾಗ ಎಲ್ಲಾರೂ ಏನದು ಅಂತ ಕೇಳಾಕ ಹತ್ತಿದ್ರು. ಒಗದುಬಿಟ್ಟೆ. ಮೂರು ದಿನ ಆತು.”

ರತ್ನಾವತಿ ಬೈಯುವುದಿಲ್ಲ. “ಇವತ್ತೇ ಹೋಗುವ.”

“ಕಲ್ಯಾಣದಾಗ ಬ್ಯಾಡ. ದವಾಖಾನಿ ಸಾಲಿನ್ಯಾಗ ನಮ್ಮ ಓಣಿಯವರು ಇರ್ತಾರ.”

“ಥಾಣೆಯ ಆಸ್ಪತ್ರೆಗೆ ಹೋಗುವ. ಪೇಪರು ನಾನು ಮಾಡಿಸ್ತೇನೆ.”

“ಮತ್ತ ದಗದ?”

“ಹಲ್ಲುನೋವು, ಇವತ್ತು ಕೆಲಸಕ್ಕೆ ಬರುವುದಿಲ್ಲ ಅಂತ ಮುಕಾದಮನಿಗೆ ಹೇಳು.”

ಹನ್ನೊಂದೂವರೆಗೆ ಥಾಣೆಯ ಆಸ್ಪತ್ರೆಯಲ್ಲಿ ಒಂದು ತಿಂಗಳ ಮಾತ್ರೆ ಸಿಗುತ್ತದೆ. ರತ್ನಾವತಿ ಚೀಲದಿಂದ ಹತ್ತಿ ತೆಗೆದು ಡಬ್ಬಿಗೆ ತುರುಕಿ, ಮಾನಮ್ಮನ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಸದ್ದಿಲ್ಲ. ಮಾನಮ್ಮ ತಾನೂ ಎರಡು ಸಲ ಅಲ್ಲಾಡಿಸಿ ನೋಡಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ.

ಕಳೆದ ವರ್ಷ ಹೀಗೆ ಹೊರಬಂದವರು ನಲವತ್ತಮೂರು. ಮೂವತ್ತೊಂದು ಜನ ಮಾತ್ರೆ ಮುಂದುವರಿಸಿದ್ದಾರೆ. ಒಂಬತ್ತು ಜನರ ಸುಳಿವಿಲ್ಲ. ಮೂವರು ತೀರಿಕೊಂಡರು. ಆ ಮೂವರ ಹೆಸರು ಹೇಳುವಾಗ ರತ್ನಾವತಿ ಧ್ವನಿ ತಗ್ಗಿಸುತ್ತಾರೆ.

ಇಲ್ಲಿರುವ ಹೆಸರುಗಳು ಬದಲಿಸಿದವು. ಫೋಟೊ ಕೇಳಿದರೆ ರತ್ನಾವತಿ ಬೇಡವೆನ್ನುತ್ತಾರೆ. “ನನ್ನ ಮುಖ ಗೊತ್ತಾದರೆ ಪಕ್ಕ ನಿಂತವಳು ಯಾರು ಅಂತ ಜನ ಊಹೆ ಮಾಡ್ತಾರೆ. ಜೈಲಿನಿಂದ ಹೊರಬಂದ ಕೆಲವರು ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಎದುರು ಸಿಗ್ತಾರೆ, ನನ್ನ ಗುರುತೇ ಇಲ್ಲದವರ ಹಾಗೆ ಹೋಗ್ತಾರೆ. ನಾನೂ ಕರೆಯುವುದಿಲ್ಲ. ಕೆನ್ನೆ ತುಂಬಿಕೊಂಡಿದ್ದರೆ ಸಾಕು, ಮಾತ್ರೆ ತಪ್ಪಿಲ್ಲ ಅಂತ ಗೊತ್ತಾಗ್ತದೆ.”